ಹೊಸ ಕ್ಯಾಮೆರಾ ತಗೊಂಡ್ರ ಮೊದ್ಲು ವ್ಯೂಫೈಂಡರ್‌ನ್ಯಾಗ ಕಣ್ಣಿಡ್ರಿ

ಕುಕನೂರ ಹತ್ರ ಇಟಗಿ ಮಹಾದೇವ ಗುಡಿ ನೋಡಿರಬೇಕಲ್ಲ, 1112ರಾಗ ಕಟ್ಟಿಸಿದ್ದು, ಅಲ್ಲಿ ಕಂಬದ ಫೋಟೋ ತಗಿಯಾಕ ಅಂತ ಹೊಸ ಡಿಎಸ್ಎಲ್ಆರ್ (ಒಳಗ ಕನ್ನಡಿ ಇರೋ ಕ್ಯಾಮೆರಾ) ಹಿಡ್ಕೊಂಡು ಹೋಗಿದ್ದೆ. ಮನಿಗೆ ಬಂದು ಕಂಪ್ಯೂಟರ್‌ಗೆ ಹಾಕಿ ನೋಡ್ತೀನಿ, ಎಲ್ಲಾ ಕಂಬ ಎಡಕ್ಕ ವಾಲ್ಯಾವು. ಕ್ಯಾಮೆರಾ ಮ್ಯಾಲೆತ್ತಿ ಹೊಡದ್ರ ಎರಡೂ ಕಡಿ ಕಂಬ ಒಳಗ ಬಾಗತಾವು ಅದು ಬ್ಯಾರೆ ಮಾತು, ಇವು ಎಲ್ಲಾ ಒಂದ ಕಡಿಗೆ. ನನ್ನ ಕೈನ ಸೊಟ್ಟ ಅನ್ಕೊಂಡೆ. ಆಮ್ಯಾಲೆ ಮನ್ಯಾಗ ಟ್ರೈಪಾಡ್ ಹಾಕಿ ಬಾಗ್ಲ ಚೌಕಟ್ಟು ವ್ಯೂಫೈಂಡರ್‌ನ್ಯಾಗ ಅಂದ್ರ ಕಣ್ಣಿಟ್ಟು ನೋಡೋ ಕಿಂಡ್ಯಾಗ ನೆಟ್ಟಗ ಕೂಡಿಸಿ ತಗದೆ, ಫೋಟೋ ಮತ್ತ ಸೊಟ್ಟ. ಒಳಗ ಚಿತ್ರ ಬೀಳೋ ಮಸುಕು ಗಾಜು, ಅಂದ್ರ ಫೋಕಸಿಂಗ್ ಸ್ಕ್ರೀನ್, ಓರೆ ಕುಂತಿತ್ತು ಅಂತ ಗೊತ್ತಾಗೋದ್ರಾಗ ತಗೊಂಡು ಒಂದೂವರೆ ತಿಂಗ್ಳು ದಾಟಿತ್ತು, ವಾಪಸ್ ಕೊಡೋ ದಿನ ಎಂದೋ ಮುಗಿದಿತ್ತು, ಮದ್ವಿ ಸೀಜನ್‌ನ್ಯಾಗ ಕ್ಯಾಮೆರಾ ಸರ್ವಿಸ್‌ಗೆ ಕಳಿಸಿ ಬಾಡಿಗಿ ಕ್ಯಾಮೆರಾ ಹೊತ್ತು ತಿರಗಿದೆ.

ಅದಕ್ಕ ಬಾಕ್ಸ್ ಒಡದ ದಿನಾನ ಕೂತು ನೋಡ್ರಿ, ಅರ್ಧ ತಾಸು ಸಾಕು. ಆದ್ರ ಇನ್ನೊಂದು ಮಾತು, ವ್ಯೂಫೈಂಡರ್ ಕೆಟ್ಟೈತಿ ಅಂತ ನನ್ನ ಹತ್ರ ಬರೋರಲ್ಲಿ ಭಾಳ ಮಂದೀದು ಕೆಟ್ಟಿರೋದೇ ಇಲ್ಲ. ಗಂಗಾವತಿಯಿಂದ ಗೆಳೆಯ ಒಬ್ಬ ಬಸ್ ಹತ್ತಿ ಬಂದಿದ್ದ, ಎಲ್ಲಾ ಮಸುಕು ಮಸುಕು ಕಾಣತೈತಿ, ಮೋಸ ಮಾಡ್ಯಾರ ಅಂತ ಸಿಟ್ಟಿನ್ಯಾಗ. ನಾನು ಕಣ್ಣಿಡೋ ಜಾಗದ ಬಾಜೂಕ ಇರೋ ಸಣ್ಣ ಚಕ್ರ ಎರಡು ಸುತ್ತು ತಿರುಗಿಸಿ ಕೊಟ್ಟೆ, ಮುಗೀತು. ಬ್ಯಾಗ್‌ನ್ಯಾಗ ಹಾಕಿ ತಗಿಯೋವಾಗ ಅದು ತಾನ ತಿರುಗಿಬಿಡ್ತೈತಿ. ಚಾ ಕುಡದು ಹೋದ.

ಆ ಚಕ್ರಕ್ಕ ಡಯಾಪ್ಟರ್ ಅಂತಾರ, ಮೊದ್ಲ ಕೆಲ್ಸ ಅದ. ಲೆನ್ಸ್‌ನ ಬಿಳಿ ಗ್ವಾಡಿ ಕಡೆ ಹಿಡೀರಿ, ಗ್ವಾಡಿ ನೋಡಬ್ಯಾಡ್ರಿ, ಒಳಗ ಕಾಣೋ ಅಂಕಿ ಅಕ್ಷರ ಫೋಕಸ್ ಚುಕ್ಕಿ ಅಷ್ಟ ನೋಡ್ಕೋತ ತಿರುಗಿಸ್ರಿ, ಅವು ಚೂಪಾಗಿ ಕಂಡಲ್ಲಿ ನಿಲ್ಲಿಸ್ರಿ. ಭಾಳ ಕ್ಯಾಮೆರಾದಾಗ ಇದು ಸುಮಾರು -3ರಿಂದ +1ರ ತನಕ ಅಷ್ಟ ಹೋಗತೈತಿ, ನಿಮ್ಮ ಚಸ್ಮಾ ನಂಬರ್ ಅದಕ್ಕಿಂತ ಜಾಸ್ತಿ ಇದ್ರ ಚಸ್ಮಾ ಹಾಕ್ಕೊಂಡ ನೋಡಬೇಕು, ಅದು ಕ್ಯಾಮೆರಾ ತಪ್ಪಲ್ಲ. ಇದು ಮಾಡದ ಮುಂದಿನ ಯಾವ ಚೆಕ್ಕೂ ಮಾಡಬ್ಯಾಡ್ರಿ, ಎಲ್ಲಾ ಸುಳ್ಳ ಹೇಳತಾವು.

ಇನ್ನ ಚುಕ್ಕಿ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಾಗ ವ್ಯೂಫೈಂಡರ್ ಒಳಗಿರೋದು ಒಂದು ಸಣ್ಣ ಟಿವಿ ಅನ್ಕೊಳ್ರಿ. 23.6 ಲಕ್ಷ ಡಾಟ್ ಅಂತ ಬಾಕ್ಸ್ ಮ್ಯಾಲೆ ಬರದಿರ್ತಾರಲ್ಲ, ಒಂದ್ ಪಿಕ್ಸೆಲ್‌ಗೆ ಕೆಂಪು ಹಸರು ನೀಲಿ ಮೂರು ಡಾಟ್, ಹಂಗಾಗಿ ನಿಜವಾದ ಪಿಕ್ಸೆಲ್ 1024×768 ಅಷ್ಟ. ಇದ್ರಾಗ ಸತ್ತ ಚುಕ್ಕಿ ಹುಡುಕೋದಕ್ಕ ಮ್ಯಾನುವಲ್ ಮೋಡ್, ಐಎಸ್ಒ (ಬೆಳಕು ಹಿಡಿಯೋ ಚುರುಕು) 100, ಶಟರ್ ಭಾಳ ಫಾಸ್ಟ್ ಇಟ್ಟು ಲೆನ್ಸ್ ಕ್ಯಾಪ್ ಹಾಕ್ರಿ, ಕಪ್ಪಿನ್ಯಾಗ ಮಿಣುಕೋ ಚುಕ್ಕಿ ಇದ್ರ ಕಾಣತಾವು. ಆಮ್ಯಾಲೆ ಕ್ಯಾಪ್ ತಗದು ಬಿಳಿ ಪಂಚೆ ಒಂದನ್ನ ಬೆಳಕಿಗೆ ಹಿಡಿದು, ಚಿತ್ರ ಪೂರ್ತಿ ಬೆಳ್ಳಗಾಗೋ ಹಂಗ ಓವರ್ ಎಕ್ಸ್‌ಪೋಸ್ ಮಾಡ್ರಿ, ಕರಿ ಚುಕ್ಕಿ ಇದ್ರ ಕಾಣತಾವು. ಚುಕ್ಕಿ ಕಂಡ ಕೂಡ್ಲೇ ಹೌಹಾರಬ್ಯಾಡ್ರಿ, ಮೆನು ಒತ್ರಿ. ಮೆನು ಬಂದ್ರೂ ಅದ ಜಾಗದಾಗ ಇದ್ರ ವ್ಯೂಫೈಂಡರ್ ಪ್ಯಾನೆಲ್‌ದು. ಮೆನು ಬಂದಾಗ ಮಾಯ ಆಗಿ, ಹಿಂದಿನ ಸ್ಕ್ರೀನ್‌ನ್ಯಾಗೂ ಫೋಟೋದಾಗೂ ಅದ ಜಾಗದಾಗ ಕಂಡ್ರ ಫೋಟೋ ಹಿಡಿಯೋ ಸೆನ್ಸರ್‌ದು, ಅದರ ಕಥಿ ಬ್ಯಾರೆ.

ಇಲ್ಲೊಂದು ತಕರಾರು ಐತಿ ನೋಡ್ರಿ. ಕೆಲವು ಕಂಪನಿ ಮ್ಯಾನುವಲ್‌ನ್ಯಾಗ 99.99 ಪರ್ಸೆಂಟ್‌ಗಿಂತ ಜಾಸ್ತಿ ಪಿಕ್ಸೆಲ್ ಸರಿ ಇರತಾವು, ಒಂದೆರಡು ಚುಕ್ಕಿ ಕಂಡ್ರ ದೋಷ ಅಲ್ಲ ಅಂತ ಬರದ ಬಿಟ್ಟಾರ. ಲೆಕ್ಕ ಹಾಕಿದ್ರ 23.6 ಲಕ್ಷಕ್ಕ ಉಳಿದ 0.01 ಪರ್ಸೆಂಟ್ ಅಂದ್ರ 236 ಡಾಟ್ ಆತು! ಅಂದ್ರ ವಾರಂಟಿಯೊಳಗ ಒಂದು ಚುಕ್ಕಿಗೆ ಕೇಳಿದ್ರ ನಗತಾರ. ನಡುಮಧ್ಯ ಮುಖದ ಮ್ಯಾಲೆ ಬರೋ ಚುಕ್ಕಿ ಇದ್ರ ವಾಪಸ್ ಕೊಡೋ ದಿನದೊಳಗ ಬದ್ಲಿ ಮಾಡ್ಸಿಕೊಳ್ರಿ, ಮೂಲ್ಯಾಗ ಒಂದ್ ಇದ್ರ ನಾನಂತೂ ಬಿಟ್ಟಬಿಡ್ತೀನಿ.

ಒಂದು ಮೂಲಿ ಮಸುಕು ಕಾಣತೈತಿ, ಏನೋ ನೆರಳು ತೇಲತೈತಿ ಅಂದ್ರ ನನ್ನ ಇಷ್ಟದ ಉಪಾಯ ಇದು: ಕ್ಯಾಮೆರಾನ ತಲಿಕೆಳಗ ಮಾಡಿ ನೋಡ್ರಿ. ಮಸುಕು ಕ್ಯಾಮೆರಾ ಜೋಡಿ ತಿರುಗಿದ್ರ ಅದು ಕ್ಯಾಮೆರಾದ್ದು, ತಿರುಗದ ಮೊದ್ಲಿದ್ದ ಕಡಿಗೇ ಉಳಿದ್ರ ನಿಮ್ಮ ಕಣ್ಣಿಂದೋ ಚಸ್ಮಾದ್ದೋ. ಇನ್ನೊಂದು ಕಣ್ಣಿಲೆನೂ ನೋಡ್ರಿ. ನಾಕೂ ಮೂಲಿ ಸ್ವಲ್ಪ ಮಸುಕಿದ್ರ ಕಣ್ಣು ನಡುವ ಕೂತಿರಲ್ಲ ಅಷ್ಟ, ಒಂದ ಮೂಲಿ ಯಾವಾಗ್ಲೂ ಮಸುಕು ಇದ್ರ ಕಣ್ಣಿಡೋ ಕಡಿ ಲೆನ್ಸ್, ಅಂದ್ರ ಐಪೀಸ್, ಓರೆ ಇರಬೌದು, ಅದು ಬದ್ಲಿ ಮಾಡ್ಸೋ ಮಾಲು.

ಡಿಎಸ್ಎಲ್ಆರ್ ಇದ್ರ ಧೂಳಿಗೆ ಹೆದರಬ್ಯಾಡ್ರಿ. ಚೂಪಾಗಿ ಕಾಣೋ ಕಸ ಫೋಕಸಿಂಗ್ ಸ್ಕ್ರೀನ್ ಮ್ಯಾಲಿಂದು, ಮಬ್ಬಾಗಿ ಕಂಡ್ರ ಐಪೀಸ್‌ದು, ಎರಡೂ ಫೋಟೋದಾಗ ಬರಲ್ಲ. ಗಂಗಾವತಿ ರೈಸ್ ಮಿಲ್ ಧೂಳು, ನಮ್ಮ ಎರಿ ಹೊಲದ ಧೂಳು ಹೆಂಗೂ ನಾಳೆ ಹೋಗಿ ಕೂಡೋದ. ಬ್ಲೋವರ್ ಬಲೂನ್ ಒತ್ತಿ ಊದ್ರಿ, ಬಾಯಿಲೆ ಊದಬ್ಯಾಡ್ರಿ, ಆ ಸ್ಕ್ರೀನ್‌ನ ಬಟ್ಟಿಲೆ ಒರಸಾಕಂತೂ ಹೋಗಬ್ಯಾಡ್ರಿ, ಒಂದ್ ಸಲ ಗೀರು ಬಿತ್ತಂದ್ರ ಹೋತು. ಒಂದೇನಂದ್ರ, ಹೊಸ ಪೀಸ್‌ನ್ಯಾಗ ಗೀರು, ಕೂದಲು, ಬೆರಳಚ್ಚು ಇದ್ರ ಅದು ಹೊಸಾದೋ ಯಾರೋ ವಾಪಸ್ ಕೊಟ್ಟಿದ್ದೋ ಅಂತ ಕೇಳ್ರಿ.

ಓರೆ ಐತೋ ಅಂತ ನೋಡೋದು ನಾನು ಮಾಡಿದಂಗ, ಟ್ರೈಪಾಡ್ ಮತ್ತ ಬಾಗ್ಲ ಚೌಕಟ್ಟು. ಅದ್ರ ಜೋಡಿ ಗ್ವಾಡಿಗೆ ಪೇಪರ್ ಅಂಟಿಸಿ ವ್ಯೂಫೈಂಡರ್ ಅಂಚು ಎಲ್ಲಿಗೆ ಮುಗೀತೈತಿ ಅಲ್ಲಿ ನಾಕೂ ಕಡಿ ಗುರ್ತು ಹಾಕಿ ಫೋಟೋ ಹೊಡೀರಿ. ಕಡಿಮಿ ರೇಟಿನ ಡಿಎಸ್ಎಲ್ಆರ್‌ಗಳಲ್ಲಿ ಸುಮಾರು 95 ಪರ್ಸೆಂಟ್ ಅಷ್ಟ ಕಾಣೋದು, ಹಂಗಾಗಿ ಗುರ್ತಿನ ಹೊರಗ ಸ್ವಲ್ಪ ಜಾಸ್ತಿ ಬಂದ್ರ ಅದು ಹಂಗ ಇರೋದು. ಎಡಕ್ಕ ಒಂದೂ ಇಲ್ಲ ಬಲಕ್ಕ ನಾಕ್ ಬೆರಳು ಅಂದ್ರ ಮಾತ್ರ ಏನೋ ಸರಿ ಕುಂತಿಲ್ಲ.

ಟ್ಯೂಬ್‌ಲೈಟ್ ಕೆಳಗ ಮಿರರ್‌ಲೆಸ್‌ನ ಇಲೆಕ್ಟ್ರಾನಿಕ್ ವ್ಯೂಫೈಂಡರ್ ಪಟಪಟ ಮಿನುಗಿದ್ರ ದೋಷ ಅಲ್ಲ. ನಮ್ಮ ಕರೆಂಟ್ 50 ಹರ್ಟ್ಜ್, ಅಂಥಾ ಲೈಟ್ ಸೆಕೆಂಡ್‌ಗೆ 100 ಸಲ ಮಿಣುಕತೈತಿ, ಶಟರ್ 1/50 ಇಲ್ಲಾ 1/100 ಇಟ್ರ ಕಡಿಮಿ ಆಗತೈತಿ. ಕತ್ತಲಾಗ ಮರಳು ಮರಳು ಕಾಣೋದೂ, ಹಿಂದಿನ ಸ್ಕ್ರೀನ್‌ಗಿಂತ ಬಣ್ಣ ಚೂರು ಬ್ಯಾರೆ ಇರೋದೂ ಹಂಗ. ಕಣ್ಣಿಟ್ರೂ ಆನ್ ಆಗ್ಲಿಲ್ಲಂದ್ರ ಕಣ್ಣು ಬಂದದ್ದು ಗುರ್ತಿಸೋ ಐ ಸೆನ್ಸರ್ ಒರಸಿ, ಮೆನುದಾಗ ಆಟೋ ಐತೋ ನೋಡ್ರಿ.

ಬಿಸಲಿನ ವಿಷ್ಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ನಮ್ಮ ಕೊಪ್ಪಳ ರಾಯಚೂರ ಬಿಸಲು ಅಂದ್ರ ಹುಡುಗಾಟ ಅಲ್ಲ. ಐಪೀಸ್ ಅಂದ್ರ ಭೂತಗನ್ನಡಿ, ಅದು ಹೊರಗಿನ ಬಿಸಲನ್ನ ಒಳಗಿನ ಪ್ಯಾನೆಲ್ ಮ್ಯಾಲೆ ಕೂಡಿಸಿ ಸುಟ್ಟಬಿಡ್ತೈತಿ, ಒಂದು ಕಂದು ಕಲೆ ಬೀಳ್ತೈತಿ, ಅದು ಹೋಗಲ್ಲ. ಡಿಸ್‌ಪ್ಲೇ ಪೀಸ್ (ಅಂಗಡ್ಯಾಗ ತೋರ್ಸಾಕ ಇಟ್ಟಿದ್ದು) ತಗೊಳ್ಳೋರು ಬಿಳಿ ಪಂಚೆ ಚೆಕ್ ಮಾಡೋವಾಗ ಈ ಕಲೆ ಹುಡುಕ್ರಿ. ನಿಮ್ಮ ಕ್ಯಾಮೆರಾನ ಐಪೀಸ್ ಸೂರ್ಯನ ಕಡಿಗೆ ಮಾಡಿ ಬೈಕ್ ಸೀಟ್ ಮ್ಯಾಲೆ ಇಡಬ್ಯಾಡ್ರಿ, ಡಿಎಸ್ಎಲ್ಆರ್‌ಲೆ ನೇರ ಸೂರ್ಯನ್ನಂತೂ ನೋಡಾಕ ಹೋಗಬ್ಯಾಡ್ರಿ, ಅಲ್ಲಿ ಸುಡೋದು ನಿಮ್ಮ ಕಣ್ಣು.

ದೋಷ ನಿಜಾನ ಅಂತ ಖಾತ್ರಿ ಆದ್ರ ಮೊಬೈಲ್ ಕ್ಯಾಮೆರಾನ ಐಪೀಸ್‌ಗೆ ಹಚ್ಚಿ ವಿಡಿಯೋ ಮಾಡ್ರಿ, ಬಾಯಿಲೆ ಹೇಳಿದ್ರ ಅಂಗಡಿಯವ್ರು ನಿಮ್ಮ ಕಣ್ಣು ತೋರಿಸ್ಕೋರಿ ಅಂತಾರ. ಬಾಕ್ಸ್ ಒಡಿಯೋ ವಿಡಿಯೋ, ಬಿಲ್ಲು, ಬಾಡಿ ಮ್ಯಾಲಿನ ಸೀರಿಯಲ್ ನಂಬರ್ ಎಲ್ಲಾ ಒಂದ ಕಡೆ ಇಟ್ಕೊಳ್ರಿ. ಮೊಬೈಲ್ ಹಚ್ಚೋದು ಒಬ್ಬರ ಕೈಲೆ ಆಗಲ್ಲ, ಅಲ್ಲಾಡಿದ್ರ ಚುಕ್ಕಿ ಕಾಣಲ್ಲ, ಮನ್ಯಾಗ ಯಾರನ್ನರ ಕರದು ಕ್ಯಾಮೆರಾ ಹಿಡಿಸ್ರಿ.