ತೂಬಿನ ಹಲಗೆಗೆ ನೀರು ಎಷ್ಟು ಒತ್ತುತ್ತದೆ? ಲೆಕ್ಕ ಹಾಕೋಣ ಬನ್ನಿ

ಮಳೆಗಾಲ ಬಂದರೆ ಮಂಡ್ಯದಲ್ಲಿ ಯಾರು ಸಿಕ್ಕಿದರೂ ಒಂದೇ ಪ್ರಶ್ನೆ: ‘ಕಟ್ಟೆ ಎಷ್ಟು ಅಡಿ ಆಯ್ತು?’ ಕನ್ನಂಬಾಡಿ ಪೂರ್ತಿ ತುಂಬಿದರೆ 124.80 ಅಡಿ, ಅಂದರೆ 49.45 ಟಿಎಂಸಿ ನೀರು. ಗದ್ದೆಗೆ ಸಾಲುತ್ತದಾ ಅಂತ ತಿಳಿಯಲು ಟಿಎಂಸಿ ಬೇಕು. ಆದರೆ ಗೇಟಿನ ಮೇಲೆ ನಿಂತ ನೀರು ಹಾಕುವ ಬಲಕ್ಕೆ ಆಳದ ಲೆಕ್ಕ ಮಾತ್ರ ಸಾಕು. ಹಲಗೆಯ ಹಿಂದೆ ಮೈಲುಗಟ್ಟಲೆ ನೀರಿರಲಿ, ಗೇಣಗಲದ ತೊಟ್ಟಿ ಇರಲಿ, ಆಳ ಒಂದೇ ಆದರೆ ಬಲವೂ ಒಂದೇ. ಟ್ಯೂಷನ್‌ಗೆ ಬರುವ ಮಕ್ಕಳು ಇದನ್ನು ಸುಲಭಕ್ಕೆ ನಂಬುವುದಿಲ್ಲ.

ನನಗೂ ಚಿಕ್ಕಂದಿನಲ್ಲಿ ಗೊತ್ತಿರಲಿಲ್ಲ. ನಮ್ಮಪ್ಪ ಊರಿನ ನೀರುಗಂಟಿ. ಕೆರೆ ತುಂಬಿದಾಗ ತೂಬಿನ ಹಲಗೆ ಇಬ್ಬರು ಸೇರಿ ಎಳೆದರೂ ಅಲುಗಾಡುತ್ತಿರಲಿಲ್ಲ. ಬೇಸಿಗೆಯಲ್ಲಿ ಅದನ್ನೇ ಅಪ್ಪ ಒಬ್ಬರೇ ಹಾರೆ ಹಾಕಿ ಎತ್ತುತ್ತಿದ್ದರು. ಹಲಗೆಯ ತೂಕವೇನೂ ಬದಲಾಗಿರಲಿಲ್ಲ, ಅಲ್ವಾ?

ಆ ಹಲಗೆಯನ್ನೇ ತೆಗೆದುಕೊಳ್ಳೋಣ. ಅಗಲ 0.6 ಮೀಟರ್, ಎತ್ತರ 0.5 ಮೀಟರ್ ಅಂತಿಟ್ಟುಕೊಳ್ಳಿ. ವಿಸ್ತೀರ್ಣ 0.3 ಚದರ ಮೀಟರ್. ಕೆರೆ ತುಂಬಿದಾಗ ಹಲಗೆಯ ಮೇಲಂಚು ನೀರಿನ ಮಟ್ಟದಿಂದ 1.75 ಮೀಟರ್ ಕೆಳಗಿದೆ. ಹಾಗಾದರೆ ಹಲಗೆಯ ನಡುಬಿಂದು 2 ಮೀಟರ್ ಆಳದಲ್ಲಿದೆ. ಈ ಆಳವನ್ನು ನೀರಿನ ಮಟ್ಟದಿಂದಲೇ ಅಳೆಯಬೇಕು. ಹಲಗೆಯ ಮೇಲಂಚಿನಿಂದ ಅಳೆದರೆ ಲೆಕ್ಕ ಪೂರ್ತಿ ಹಾಳು. ಅತಿ ಹೆಚ್ಚು ಮಕ್ಕಳು ತಪ್ಪುವುದು ಇಲ್ಲೇ.

ಒಂದು ಘನ ಮೀಟರ್ ನೀರಿನ ತೂಕ 9810 ನ್ಯೂಟನ್. ಅದನ್ನು ನಡುಬಿಂದುವಿನ ಆಳದಿಂದಲೂ ವಿಸ್ತೀರ್ಣದಿಂದಲೂ ಗುಣಿಸಿ:

9810 × 2 × 0.3 = 5886 ನ್ಯೂಟನ್

ಅಂದರೆ 600 ಕೆಜಿ ತೂಕದಷ್ಟು. ಸಣ್ಣ ಕಿಟಕಿಯಷ್ಟಿರುವ ಹಲಗೆಯ ಮೇಲೆ ಹನ್ನೆರಡು ಮೂಟೆ ಸಿಮೆಂಟ್! ಈ ಬಲ ಹಲಗೆಯನ್ನು ಚೌಕಟ್ಟಿಗೆ ಅದುಮಿ ಹಿಡಿಯುತ್ತದೆ. ಎತ್ತುವಾಗ ಆ ಉಜ್ಜಾಟವನ್ನೂ ಗೆಲ್ಲಬೇಕು. ಬೇಸಿಗೆಯಲ್ಲಿ ನಡುಬಿಂದುವಿನ ಆಳ ಅರ್ಧ ಮೀಟರ್‌ಗೆ ಇಳಿದರೆ ಬಲ 150 ಕೆಜಿಯಷ್ಟಕ್ಕೆ ಇಳಿಯುತ್ತದೆ.

ಹಲಗೆ ಆಯತವಾಗಿಲ್ಲದಿದ್ದರೆ? ನಾಲೆಯ ಅಡ್ಡಗಟ್ಟು ಮೇಲೆ 2 ಮೀಟರ್, ತಳದಲ್ಲಿ 1 ಮೀಟರ್ ಅಗಲ ಇದೆ, ಎತ್ತರ 1 ಮೀಟರ್, ನೀರು ಅಂಚಿನವರೆಗೆ ಬಂದಿದೆ ಅನ್ನಿ. ‘ಅರ್ಧ ಎತ್ತರ’ ಅಂತ ಸುಮ್ನೆ 0.5 ಹಾಕಬೇಡಿ. ಮೇಲ್ಭಾಗ ಅಗಲ, ಅಲ್ಲಿ ಒತ್ತಡ ಕಡಿಮೆ. ಹಾಗಾಗಿ 0.5 ಹಾಕಿದರೆ ಉತ್ತರ ಜಾಸ್ತಿ ಬರುತ್ತದೆ.

ಅದರ ಬದಲು ಅಡ್ಡಕ್ಕೆ ನಾಲ್ಕು ಪಟ್ಟಿ ಮಾಡಿ, ಒಂದೊಂದೂ 0.25 ಮೀಟರ್. ಪಟ್ಟಿಯ ನಡುವಿನ ಆಳಗಳು 0.125, 0.375, 0.625, 0.875. ಯಾವುದೇ ಆಳದಲ್ಲಿ ಅಗಲ ಎಂದರೆ 2ರಲ್ಲಿ ಆ ಆಳವನ್ನು ಕಳೆದಷ್ಟು. ಪ್ರತಿ ಪಟ್ಟಿಗೂ ಆಳ × ಅಗಲ × 0.25 ಮಾಡಿ ಕೂಡಿದರೆ 0.672. ಅದನ್ನು 9810ರಿಂದ ಗುಣಿಸಿದರೆ ಸುಮಾರು 6590 ನ್ಯೂಟನ್. ಇಂಟಿಗ್ರೇಷನ್ ಮಾಡಿದರೆ 0.672ರ ಜಾಗದಲ್ಲಿ ಮೂರನೇ ಎರಡು (2/3) ಬರುತ್ತದೆ, ಆಗ ಬಲ ಸರಿಯಾಗಿ 6540 ನ್ಯೂಟನ್. ನಾಲ್ಕೇ ಪಟ್ಟಿಗೆ ಎಷ್ಟು ಹತ್ತಿರ ಬಂದೆವು ನೋಡಿ! ಇಂಟಿಗ್ರೇಷನ್ ಅಂದರೆ ಈ ಪಟ್ಟಿಗಳನ್ನು ಕೂದಲೆಳೆಯಷ್ಟು ತೆಳುವಾಗಿಸಿ ಕೂಡುವುದು, ಅಷ್ಟೇ. ಅದಕ್ಕೆ ನಾನು ಮೊದಲ ದಿನ ಸೂತ್ರ ಕೊಡುವುದಿಲ್ಲ, ಪಟ್ಟಿ ಬರೆಸುತ್ತೇನೆ.

ಹಲಗೆಗೆ ಆಸರೆ ಕೊಡುವವರು ಇನ್ನೊಂದು ಗಮನಿಸಬೇಕು. ಕೆಳಗೆ ಒತ್ತಡ ಜಾಸ್ತಿ ಇರುವುದರಿಂದ ಒಟ್ಟು ಬಲ ನಡುಬಿಂದುವಿಗಿಂತ ಕೆಳಗೆ ಬೀಳುತ್ತದೆ. ನಮ್ಮ ತೂಬಿನ ಹಲಗೆಯಲ್ಲಿ ಕೆರೆ ತುಂಬಿದಾಗ 1 ಸೆಂಟಿಮೀಟರ್ ಕೆಳಗೆ, ಬೇಸಿಗೆಯಲ್ಲಿ 4 ಸೆಂಟಿಮೀಟರ್ ಕೆಳಗೆ. ಆಯತದ ಹಲಗೆಯ ಮೇಲಂಚಿಗೆ ಸರಿಯಾಗಿ ನೀರು ನಿಂತಿದ್ದರೆ, ಮೇಲಿಂದ ಮೂರನೇ ಎರಡು ಭಾಗದಲ್ಲಿ.

ಆಚೆ ಬದಿಯಲ್ಲೂ ನೀರಿದ್ದರೆ ಎರಡೂ ಬದಿಯ ಬಲ ಬೇರೆ ಬೇರೆ ಲೆಕ್ಕ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಗಾಳಿಯ ಒತ್ತಡ ಎರಡೂ ಕಡೆ ಇರುವುದರಿಂದ ಅದನ್ನು ಬಿಟ್ಟುಬಿಡಬಹುದು.