ಕೊನೆಯ ನಿಲ್ದಾಣದಿಂದ ಹಿಂದಕ್ಕೆ: ವಿಯೆನ್ನಾದಲ್ಲಿ ಒಬ್ಬಳೇ ಊರು ಸುತ್ತಿದ ಅನುಭವ

ಕಂಪನಿಯ ಕೆಲಸದ ಮೇಲೆ ವಿಯೆನ್ನಾಕ್ಕೆ ಬಂದು ಒಂದೆರಡು ವರ್ಷ ಉಳಿಯುವವರಿಗೆ ವಿಳಾಸದ ನೋಂದಣಿ, ಬ್ಯಾಂಕ್ ಖಾತೆ, ಬಾಡಿಗೆ ಕರಾರು ಮೊದಲಾದವು ಗೊತ್ತಿದ್ದೇ ಇರುತ್ತವೆ. ಆದ್ದರಿಂದ ಅವುಗಳನ್ನು ಬಿಟ್ಟು, ಒಬ್ಬಳೇ ಊರು ನೋಡುವುದಕ್ಕೆ ನಾನು ರೂಢಿಸಿಕೊಂಡ ಕ್ರಮವನ್ನಷ್ಟೇ ಬರೆಯುತ್ತೇನೆ. ಕ್ರಮ ಬಹಳ ಸರಳ. ಯಾವುದಾದರೊಂದು ಟ್ರಾಮ್ ಹತ್ತಿ ಅದರ ಕೊನೆಯ ನಿಲ್ದಾಣದವರೆಗೆ ಹೋಗಬೇಕು. ಅಲ್ಲಿಂದ ಮನೆಗಳ ನಂಬರು ನೋಡಿಕೊಳ್ಳುತ್ತ ಊರಿನ ನಡುವಿಗೆ ನಡೆದು ಬರಬೇಕು. ಫೋನು ಚೀಲದಲ್ಲೇ ಇರಬೇಕು.

ಇದನ್ನು ಹೇಳಿದಾಗ ನಮ್ಮ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರು, “ಕೊನೀ ಸ್ಟಾಪಿನ್ಯಾಗ ಏನೈತ್ರೀ ಅಕ್ಕಾರ, ಟ್ರಾಮ್ ತಿರುಗ್ಸಾಕ ಒಂದೀಟು ಜಾಗ, ಅಷ್ಟ” ಎಂದು ನಕ್ಕರು. ಅವರು ಹೇಳಿದ್ದು ಒಂದು ಅರ್ಥದಲ್ಲಿ ನಿಜವೇ. ಇಲ್ಲಿನ ಟ್ರಾಮುಗಳಿಗೆ ಚಾಲಕನ ಕೋಣೆ ಒಂದೇ ತುದಿಯಲ್ಲಿ, ಬಾಗಿಲುಗಳು ಒಂದೇ ಮಗ್ಗುಲಲ್ಲಿ ಇರುವುದರಿಂದ ಕೊನೆಯಲ್ಲಿ ಹಳಿ ದುಂಡಗೆ ಸುತ್ತಿ ಬರಲೇಬೇಕು. ಆ ಸುತ್ತಿನ ಪಕ್ಕದಲ್ಲಿ ಒಂದು ಬೇಕರಿ, ಒಂದು ಹಳೆಯ ಊಟದ ಮನೆ, ಚಾಲಕರಿಗೆಂದು ಕಟ್ಟಿದ ಪುಟ್ಟ ಶೌಚಾಲಯ ಇರುತ್ತವೆ, ಅದರಾಚೆ ಕಾಡೋ ದ್ರಾಕ್ಷಿ ತೋಟವೋ ಶುರುವಾಗುತ್ತದೆ. ಅಮ್ಮನ ಆಕ್ಷೇಪ ಬೇರೆ ತೆರನದ್ದು: “ಒಬ್ಬೊಬ್ಳೇ ಅಲೀಬೇಡ ಕಣೆ, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗು.” ಈಗ ಹುಬ್ಬಳ್ಳಿಯವರು ತಮ್ಮ ತಂದೆತಾಯಿ ಬಂದಾಗ ಯಾವ ಟ್ರಾಮಿನಲ್ಲಿ ಕರೆದೊಯ್ಯಬೇಕೆಂದು ನನ್ನನ್ನೇ ಕೇಳುತ್ತಾರೆ. ಅಮ್ಮ ಮಾತ್ರ ಇನ್ನೂ ಒಪ್ಪಿಲ್ಲ.

ಇದಕ್ಕೆ ಮೊದಲು ಪ್ರಯತ್ನಿಸಿದ ದಾರಿಗಳೆಲ್ಲ ದುಡ್ಡು ತಿಂದವೇ ಹೊರತು ಊರನ್ನು ತೋರಿಸಲಿಲ್ಲ. ಮೊದಲ ಮೂರು ತಿಂಗಳು ‘ನೋಡಲೇಬೇಕಾದ ಸ್ಥಳಗಳ’ ಪಟ್ಟಿಯನ್ನು ಹಿಡಿದು ಹೊರಟೆ. ಅರಮನೆಯ ಒಳಗಿನ ಟಿಕೆಟ್ಟಿಗೆ ಮೂವತ್ತು ಯೂರೋ ಆಸುಪಾಸು, ಹತ್ತಿ ಇಳಿಯುವ ಪ್ರವಾಸಿ ಬಸ್ಸಿಗೆ ಅಷ್ಟೇ, ನಡುವೆ ಕಾಫಿ ಮತ್ತು ಕೇಕಿಗೆ ಹನ್ನೆರಡು ಹದಿಮೂರು. ಒಟ್ಟು ಆರುನೂರು ಯೂರೋ ಕರಗಿತು. ಅದು ನನ್ನ ಕೋಣೆಯ ಒಂದು ತಿಂಗಳ ಬಾಡಿಗೆ. ಶ್ಯೋನ್‌ಬ್ರುನ್ ಅರಮನೆಯ ತೋಟಕ್ಕೆ ಟಿಕೆಟ್ಟಿಲ್ಲ, ಗ್ಲೋರಿಯೆಟ್ ಎಂಬ ಕಮಾನು ಮಂಟಪ ಇರುವ ದಿಬ್ಬದವರೆಗೂ ಪುಕ್ಕಟೆಯಾಗಿ ಹತ್ತಬಹುದು. ಊರಿನ ನಡುಭಾಗವನ್ನು ಸುತ್ತುವ ರಿಂಗ್ ರಸ್ತೆಯನ್ನು ನೋಡಲು ಪ್ರವಾಸಿ ವಾಹನ ಬೇಕಿಲ್ಲ, 1 ಮತ್ತು 2ನೇ ನಂಬರಿನ ಸಾಮಾನ್ಯ ಟ್ರಾಮುಗಳೇ ಅದರ ಬಹುಭಾಗವನ್ನು ತೋರಿಸುತ್ತವೆ. ಆಮೇಲೆ ಫೋನಿನ ಆ್ಯಪ್ ಹೇಳಿದಂತೆ ನಡೆದು ನೋಡಿದೆ. ಜನವರಿಯ ಚಳಿಯಲ್ಲಿ ಅರ್ಧ ಬ್ಯಾಟರಿ ಇದ್ದ ಫೋನು ಕೈಯಲ್ಲೇ ಆರಿಹೋಯಿತು. ಹತ್ತು ನಿಮಿಷಕ್ಕೊಮ್ಮೆ ಕೈಗವಸು ಬಿಚ್ಚಿ ನಕ್ಷೆ ನೋಡುವವರ ಕಣ್ಣಿಗೆ ಬೀದಿ ಬೀಳುವುದೂ ಇಲ್ಲ.

ಮೂರನೆಯದು ಊರಿನ ನಡುವಿನಿಂದ ಹೊರಕ್ಕೆ ನಡೆಯುವುದು. ಇದು ಸರಿಯೆನಿಸಿದ್ದರೂ ಪ್ರತಿ ಸಲವೂ ಸೋತಿತು. ಕಾಲು ಸೋಲುವ ಹೊತ್ತಿಗೆ ಅಂಗಡಿಗಳು ವಿರಳವಾಗುತ್ತವೆ, ಟ್ರಾಮು ಹದಿನೈದು ನಿಮಿಷಕ್ಕೊಂದಾಗುತ್ತದೆ, ಡಿಸೆಂಬರಿನಲ್ಲಂತೂ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆ. ಅದನ್ನೇ ತಿರುವುಮುರುವು ಮಾಡಿದ್ದರಿಂದ ಎಲ್ಲವೂ ಸುಲಭವಾಯಿತು. ಆಯಾಸ ಹೆಚ್ಚಿದಂತೆ ದೀಪ, ಜನ, ಬೆಂಚು, ಬಿಸಿ ಪಾನೀಯ ಎಲ್ಲವೂ ಹೆಚ್ಚುತ್ತ ಹೋಗುತ್ತವೆ, ಸಾಕೆನಿಸಿದಲ್ಲಿ ಟ್ರಾಮು ಹತ್ತಬಹುದು. ಒಬ್ಬಂಟಿಯಾಗಿ ನಡೆಯುವ ಹೆಣ್ಣಿಗೆ ಇದು ಸಣ್ಣ ಅನುಕೂಲವಲ್ಲ. ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ ಮೆಟ್ರೋ 2010ರಿಂದ ಬೆಳಗಿನವರೆಗೂ ಓಡುತ್ತಿರುವುದು ಇನ್ನೊಂದು ಭರವಸೆ.

ಇನ್ನು ದಾರಿ ತಪ್ಪದಿರುವ ಬಗೆ. ಮಲ್ಲೇಶ್ವರದಲ್ಲಿ ಬೆಳೆದವರು ಮೇನು, ಕ್ರಾಸುಗಳ ಎಣಿಕೆಯಲ್ಲೇ ತಾವೆಲ್ಲಿದ್ದೇವೆಂದು ತಿಳಿಯುವಂತೆ ಇಲ್ಲಿಯೂ ಒಂದು ಲೆಕ್ಕವಿದೆ, ಆದರೆ ಹೆಚ್ಚಿನವರು ಗಮನಿಸುವುದಿಲ್ಲ. ನಡುವಿನಿಂದ ಹೊರಕ್ಕೆ ಹೋಗುವ ಬೀದಿಗಳಲ್ಲಿ ಮನೆಯ ನಂಬರು ನಡುವಿನ ಕಡೆಯಿಂದ ಶುರುವಾಗಿ ಹೊರಕ್ಕೆ ಏರುತ್ತದೆ. ಹೊರಮುಖವಾಗಿ ನಿಂತರೆ ಎಡಕ್ಕೆ ಬೆಸ, ಬಲಕ್ಕೆ ಸಮ. ಹಾಗಾಗಿ ನಂಬರು ಇಳಿಯುತ್ತಿದ್ದರೆ ನೀವು ಸರಿಯಾದ ದಿಕ್ಕಿನಲ್ಲಿದ್ದೀರಿ. ಅಡ್ಡಬೀದಿಗಳಲ್ಲಿ ನಂಬರು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಏರುತ್ತದೆ. ಅದರಿಂದ ಬರುವ ಫಲವನ್ನು ನಾನೇ ಕಂಡುಕೊಂಡೆನೆಂಬ ಹೆಮ್ಮೆ ನನಗಿದೆ: ಅಡ್ಡಬೀದಿಯಲ್ಲಿ ಸಮಸಂಖ್ಯೆಯ ಮಗ್ಗುಲೇ ಊರಿನ ನಡುವಿನ ಮಗ್ಗುಲು. ಅನುಮಾನವಿದ್ದವರು ರಿಂಗ್ ರಸ್ತೆಯಲ್ಲೇ ಪರೀಕ್ಷಿಸಬಹುದು. ಒಳಮಗ್ಗುಲಿನ ಒಪೆರಾದ ವಿಳಾಸ ಓಪರ್ನ್‌ರಿಂಗ್ 2, ಬುರ್ಗ್‌ಥಿಯೇಟರಿನದು ಯೂನಿವರ್ಸಿಟೇಟ್ಸ್‌ರಿಂಗ್ 2. ಎದುರಿಗೆ ಹೊರಮಗ್ಗುಲಲ್ಲಿರುವ ವಿಶ್ವವಿದ್ಯಾಲಯಕ್ಕೆ ಅದೇ ರಸ್ತೆಯ 1, ಪಾರ್ಲಿಮೆಂಟಿಗೆ ಕಾರ್ಲ್ ರೆನ್ನರ್ ರಿಂಗ್ 3. 1862ರಲ್ಲಿ ಮನೆಗಳಿಗೆ ಹೊಸ ನಂಬರು ಕೊಟ್ಟಾಗ ಹೊರಹೋಗುವ ಬೀದಿಗಳಿಗೆ ಚೌಕದ ಫಲಕ, ಅಡ್ಡಬೀದಿಗಳಿಗೆ ಅಂಡಾಕಾರದ ಫಲಕ ಹಾಕಿದ್ದರು. ಒಳಗಿನ ಜಿಲ್ಲೆಗಳ ಕೆಲವು ಮೂಲೆಗಳಲ್ಲಿ ಅವು ಇನ್ನೂ ಉಳಿದಿವೆ. ಬೀದಿಯ ಹೆಸರಿನ ಮುಂದಿರುವ ಅಂಕಿ ಜಿಲ್ಲೆಯದು. ಒಟ್ಟು 23 ಜಿಲ್ಲೆಗಳು.

ಒಂದು ಎಚ್ಚರಿಕೆ ಅಗತ್ಯ. ಬೀದಿಯೊಂದು ಮುಗಿದು ಅದೇ ನೇರದಲ್ಲಿ ಇನ್ನೊಂದು ಶುರುವಾದಾಗ ನಂಬರು ಒಮ್ಮೆಲೇ ಮೇಲಕ್ಕೆ ಹಾರುತ್ತದೆ. 43ನೇ ಟ್ರಾಮಿನ ಹಾದಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಕಾಡಿನ ಅಂಚಿನ ನೊಯ್‌ವಾಲ್ಡೆಗ್‌ನಲ್ಲಿ ಇಳಿದು ಡೋರ್ನ್‌ಬಾಖ್ ಹಳ್ಳಿಯನ್ನು ಹಾಯ್ದು ಹೆರ್ನಾಲ್ಸ್ ಜಿಲ್ಲೆಯ ಮುಖ್ಯ ಬೀದಿಗೆ ಬಂದರೆ ನಂಬರು ಇನ್ನೂರರ ಮೇಲಿನಿಂದ ಇಳಿಯುತ್ತ ಗ್ಯುರ್ಟೆಲ್ ಎಂಬ ಹೊರವರ್ತುಲ ರಸ್ತೆಯ ಹತ್ತಿರ ಒಂದಕ್ಕೆ ಬರುತ್ತದೆ. ಅದನ್ನು ದಾಟಿದೊಡನೆ ಆಲ್ಸರ್ ಸ್ಟ್ರಾಸೆ ಎಂಬ ಬೀದಿಯ ದೊಡ್ಡ ನಂಬರುಗಳು. ಗಾಬರಿಯಾಗಬೇಕಿಲ್ಲ, ನೇರವಾಗಿ ಹೋಗಿ. ಗ್ಯುರ್ಟೆಲ್ ಇರುವ ಜಾಗದಲ್ಲಿ 1704ರಲ್ಲಿ ಕಟ್ಟಿದ ಹೊರಕೋಟೆಯಿತ್ತು, ಈ ಹಾದಿಯಲ್ಲಿ ಅದರಾಚೆಯದೆಲ್ಲ 1890ರ ದಶಕದಲ್ಲಿ ನಗರಕ್ಕೆ ಸೇರಿದ ಹಳ್ಳಿಗಳು. ಪ್ರತಿಯೊಂದು ಹಳ್ಳಿಗೂ ತನ್ನದೇ ಚರ್ಚು, ತನ್ನದೇ ಮುಖ್ಯ ಬೀದಿ ಇರುವುದು ಅದಕ್ಕೇ. ಹೆರ್ನಾಲ್ಸಿನಲ್ಲಿ ಗಾಳಿ ಅನುಕೂಲವಾಗಿ ಬೀಸಿದ ದಿನ ಮಾನರ್ ಕಾರ್ಖಾನೆಯಿಂದ ಬಿಸಿ ವೇಫರಿನ, ಹುರಿದ ಹ್ಯಾಜಲ್‌ನಟ್ಟಿನ ವಾಸನೆ ಬೀದಿಯ ತುಂಬ ಹರಡಿರುತ್ತದೆ. ಪಕ್ಕದ ಓಟಾಕ್ರಿಂಗ್‌ನಲ್ಲಿ, ಎಂದರೆ ನನ್ನ ಕೋಣೆಯ ಬೀದಿಯಲ್ಲಿ, 1837ರ ಬಿಯರ್ ಕಾರ್ಖಾನೆಯಿಂದ ಬರುವ ಬೇಯಿಸಿದ ಮಾಲ್ಟಿನ ವಾಸನೆ. ಕಣ್ಣು ಮುಚ್ಚಿಕೊಂಡಿದ್ದರೂ ಎರಡು ಜಿಲ್ಲೆಗಳ ನಡುವಿನ ಗಡಿಯನ್ನು ನಾನೀಗ ಹೇಳಬಲ್ಲೆ.

ನನಗೆ ಅತಿ ಹೆಚ್ಚು ಕೊಟ್ಟದ್ದು 71ರ ಹಾದಿ. ಅದರಲ್ಲಿ ಮಾತ್ರ ಕೊನೆಯವರೆಗೆ ಹೋಗದೆ, 1874ರಲ್ಲಿ ತೆರೆದ ಕೇಂದ್ರ ಸ್ಮಶಾನದ ಎರಡನೆಯ ಗೇಟಿನಲ್ಲಿ ಇಳಿಯುತ್ತೇನೆ. ವಿಳಾಸ ಸಿಮ್ಮರಿಂಗರ್ ಹಾಪ್ಟ್‌ಸ್ಟ್ರಾಸೆ 234. ಒಳಗೆ 32ಎ ಭಾಗದಲ್ಲಿ ಸಂಗೀತ ರಚನಕಾರರಾದ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಒಂದೆಡೆ ಮಲಗಿದ್ದಾರೆ. ನಡುವೆ ಮೊಜಾರ್ಟನ ಸ್ಮಾರಕವಿದೆ, ದೇಹ ಅಲ್ಲಿಲ್ಲ. ಅಲ್ಲಿಂದ 234ರಿಂದ ಒಂದರವರೆಗೆ ಕಬಾಬಿನ ಅಂಗಡಿ, ಹೂವಿನ ಅಂಗಡಿ, ಗೋರಿಕಲ್ಲು ಕೆತ್ತುವವರ ಅಂಗಳಗಳನ್ನು ನೋಡುತ್ತ ಬಂದು ರೆನ್‌ವೆಗ್ ಬೀದಿ ಹಿಡಿಯುವ ಮೊದಲು ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಸಂತ ಮಾರ್ಕ್ಸ್ ಸ್ಮಶಾನ ಸಿಗುತ್ತದೆ. ಮೊಜಾರ್ಟನನ್ನು 1791ರಲ್ಲಿ ಮಣ್ಣು ಮಾಡಿದ್ದು ಅಲ್ಲಿ. ಏಪ್ರಿಲ್ ಕೊನೆಗೆ ಅಲ್ಲಿ ಲೈಲ್ಯಾಕ್ ಗಿಡಗಳು ಗೋರಿಗಳನ್ನೇ ಮುಚ್ಚುವಷ್ಟು ಹೂ ಬಿಡುತ್ತವೆ. ಆಮೇಲೆ ರೆನ್‌ವೆಗ್‌ನ ನಂಬರುಗಳು ಇಳಿದು, 6ರಲ್ಲಿ ಕೆಳ ಬೆಲ್ವೆಡೆರೆ ಅರಮನೆ, ಅಲ್ಲಿಂದ ಎರಡು ಹೆಜ್ಜೆಗೆ ಷ್ವಾರ್ಟ್ಸನ್‌ಬೆರ್ಗ್ ಚೌಕ. ಒಟ್ಟು ಏಳೆಂಟು ಕಿಲೋಮೀಟರು, ನಿಂತು ನೋಡಿದರೆ ಅರ್ಧ ದಿನ. ಖರ್ಚು, ದಾರಿಯಲ್ಲಿ ಕುಡಿದ ಒಂದು ಚಹಾದ್ದು.

ಡಿ ಟ್ರಾಮಿನ ನುಸ್‌ಡೋರ್ಫ್ ಹಾದಿಯಲ್ಲಿ ಹೈಲಿಗೆನ್‌ಷ್ಟೇಟರ್ ಸ್ಟ್ರಾಸೆಯ 92ರಿಂದ 82ರವರೆಗೆ ಒಂದೇ ಕಟ್ಟಡ ನಿಮ್ಮ ಜೊತೆಗೆ ನಡೆಯುತ್ತದೆ: 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್, ಒಂದು ಕಿಲೋಮೀಟರಿಗೂ ಉದ್ದ, ನಗರಸಭೆ ಕಾರ್ಮಿಕರಿಗೆಂದು ಕಟ್ಟಿದ 1,382 ಮನೆಗಳು. ಕಮಾನುಗಳ ಕೆಳಗಿನಿಂದ ಒಳಗಿನ ಅಂಗಳಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಡ. 38ನೇ ಟ್ರಾಮಿನ ತುದಿಯ ಗ್ರಿಂಟ್ಸಿಂಗ್ ಪ್ರವಾಸಿಗರಿಂದ ಕಿಕ್ಕಿರಿದಿರುತ್ತದೆ, ಬಿಟ್ಟರೂ ನಷ್ಟವಿಲ್ಲ. ತಮ್ಮದೇ ವೈನ್ ಮಾರುವ ದ್ರಾಕ್ಷಿ ತೋಟದವರ ಮನೆಯಂಗಳದಲ್ಲಿ ಕೂರಬೇಕೆಂದರೆ ಬಾಗಿಲ ಮೇಲೆ ಹಸಿರು ಪೈನ್ ಕೊಂಬೆ ಕಟ್ಟಿದ ಮನೆಯನ್ನು ಹುಡುಕಬೇಕು, ಕೊಂಬೆ ಇದ್ದರೆ ತೆರೆದಿದೆಯೆಂದರ್ಥ. ವೈನ್ ಕುಡಿಯದವರಿಗೆ ದ್ರಾಕ್ಷಿ ರಸ, ಬ್ರೆಡ್ಡು, ಚೀಸಿನ ಬಗೆಬಗೆಯ ಚಟ್ನಿಯಂಥವು ಸಿಗುತ್ತವೆ. ನಾನು ಮನೆಯಿಂದ ಒಯ್ದ ಚಪಾತಿ ಚಟ್ನಿಪುಡಿಯನ್ನು ಬೇಸರಿಸದೆ ತಿನ್ನಲು ಬಿಡುವ ಅಂಗಳವೊಂದಿದೆ, ಆದರೆ ಅದು ಎಲ್ಲಿದೆಯೆಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿರುವ ನಾಲ್ಕೇ ಬೆಂಚುಗಳಲ್ಲಿ ನನಗೆ ಜಾಗ ಉಳಿಯುವುದಿಲ್ಲ.

ಈ ಕ್ರಮ ನಿಂತಿರುವುದು ಪಾಸಿನ ಮೇಲೆ. ಬಿಡಿ ಟಿಕೆಟ್ಟು 2.40 ಯೂರೋ, ತಿಂಗಳ ಪಾಸು 51 ಇದ್ದ ಕಾಲದಲ್ಲಿ ವರ್ಷದ ಪಾಸು 365ಕ್ಕೆ ಸಿಗುತ್ತಿತ್ತು, ದಿನಕ್ಕೊಂದು ಯೂರೋ. 2012ರಿಂದ ಇದ್ದ ಆ ದರ 2026ರಲ್ಲಿ 460 ದಾಟಿದೆ. ಈಗಲೂ ಲಾಭವೇ, ಏಕೆಂದರೆ ಪಾಸಿದ್ದವರು ಮಳೆ ಬಂದರೆ ಎರಡು ನಿಲ್ದಾಣ ಹತ್ತಿ ಇಳಿಯಲು ಲೆಕ್ಕ ಹಾಕುವುದಿಲ್ಲ. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ದಂಡ ನೂರು ಯೂರೋಗೂ ಮೇಲೆ. ಇನ್ನೊಂದು ನಿಜವಾದ ಖರ್ಚು ಬೂಟಿನದು. ಊರಿನಿಂದ ತಂದ ಬೂಟಿನ ಅಟ್ಟೆ ಮೊದಲ ಹಿಮದಲ್ಲೇ ಬಿಟ್ಟುಕೊಂಡಿತು. ನೂರಹತ್ತು ಯೂರೋ ಕೊಟ್ಟು ನೀರು ಹಿಡಿಯದ ಜೋಡಿ ಕೊಂಡೆ, ಅದು ಇನ್ನೂ ನಡೆಯುತ್ತಿದೆ. ನೀರಿಗೆ ದುಡ್ಡಿಲ್ಲ: 1873ರಿಂದ ಆಲ್ಪ್ಸ್ ಕಡೆಯ ಬೆಟ್ಟದ ಊಟೆಗಳಿಂದ ಕೊಳವೆಯಲ್ಲಿ ಬರುವ ನೀರು ನಲ್ಲಿಯಲ್ಲೇ ಸಿಗುತ್ತದೆ, ಬಾಟಲಿ ಕೊಳ್ಳುವುದು ಶುದ್ಧ ದಂಡ.

ದಿನದ ಕೆಲಸಗಳನ್ನೂ ಇದಕ್ಕೇ ಜೋಡಿಸಿಕೊಂಡೆ. ಅಂಗಡಿಗಳು ಶನಿವಾರ ಸಂಜೆ ಆರಕ್ಕೆ ಮುಚ್ಚಿ ಭಾನುವಾರ ತೆರೆಯುವುದೇ ಇಲ್ಲವಾದ್ದರಿಂದ ಶನಿವಾರ ತರಕಾರಿ, ಭಾನುವಾರ ಪೂರ್ತಿ ನಡಿಗೆ. ಬ್ರುನ್ನೆನ್‌ಮಾರ್ಕ್ಟ್ ಎಂಬ ಸಂತೆಯ ತುರ್ಕಿ ವ್ಯಾಪಾರಿಗಳಲ್ಲಿ ಬೆಂಡೆಕಾಯಿ, ದಪ್ಪ ಕಟ್ಟಿನ ಕೊತ್ತಂಬರಿ ಸಿಗುತ್ತವೆ. ಬಾಗಿಲು ಹಾಕುವ ಹೊತ್ತಿಗೆ ಹೋದರೆ ಟೊಮೆಟೊದ ಬುಟ್ಟಿಯೇ ಅರ್ಧ ಬೆಲೆಗೆ ಬರುತ್ತದೆ. ಚಳಿಯ ದಿನ ನಡಿಗೆಯನ್ನು ಗ್ಯುರ್ಟೆಲಿನ ಮೇಲಿರುವ ಮುಖ್ಯ ಗ್ರಂಥಾಲಯದಲ್ಲೋ, ಫಾವೊರಿಟೆನ್ ಜಿಲ್ಲೆಯಲ್ಲಿ 1926ರಲ್ಲಿ ತೆರೆದ ಅಮಾಲಿಯನ್‌ಬಾಡ್ ಈಜುಕೊಳದ ಬಿಸಿನೀರಿನಲ್ಲೋ ಮುಗಿಸುತ್ತೇನೆ.

ನಡುವೆ ಮಾಡಿದ ಸಣ್ಣ ಪ್ರಯೋಗಗಳಲ್ಲಿ ಎರಡು ಗೆದ್ದವು. ದೋಸೆ ಹಿಟ್ಟು ಹೀಟರಿನ ಬಳಿ ಒಣಗಿ ಹೊಪ್ಪಳಿಕೆಗಟ್ಟಿತು, ಹೊದಿಕೆ ಸುತ್ತಿಟ್ಟರೆ ಹುದುಗಲೇ ಇಲ್ಲ. ಓವನ್ನಿನ ಒಳಗಿಟ್ಟು ದೀಪವೊಂದನ್ನೇ ಹೊತ್ತಿಸಿ ರಾತ್ರಿ ಬಿಟ್ಟ ಮೇಲೆ ಪಾತ್ರೆ ತುಂಬಿ ಬಂತು. ಉಪ್ಪಿಟ್ಟಿಗೆ ಇಲ್ಲಿನ ಮೆದು ಗೋಧಿಯ ರವೆ ಅಂಟಂಟಾಗುತ್ತದೆ, ಗಟ್ಟಿ ಗೋಧಿಯ ರವೆಯನ್ನು ಹುರಿದು ಹಾಕಿದರೆ ಬಿಡಿಬಿಡಿಯಾಗುತ್ತದೆ. ನೀರಿನ ಅಳತೆ ನನ್ನಲ್ಲೇ ಇರಲಿ. ಒಪೆರಾದ ನಿಂತು ನೋಡುವ ಟಿಕೆಟ್ಟಿನ ಪ್ರಯೋಗವೂ ನಷ್ಟವಾಗಲಿಲ್ಲ: ಕಡಿಮೆ ದುಡ್ಡಿಗೆ ಒಳಗೆ ಹೋಗಿ, ಕಂಬಿಗೆ ವಸ್ತ್ರ ಕಟ್ಟಿ ಜಾಗ ಹಿಡಿದು ಹೊರಗೆ ತಿರುಗಾಡಿ ಬರಬಹುದು, ಯಾರೂ ಬಿಚ್ಚುವುದಿಲ್ಲ. ಎಲ್ಲರ ಮಫ್ಲರುಗಳ ನಡುವೆ ನನ್ನ ಇಳಕಲ್ ಕರವಸ್ತ್ರ ದೂರದಿಂದಲೇ ಗುರುತು ಸಿಗುತ್ತದೆ.

ಡಾನ್ಯೂಬಿನ ಆಚೆ ಮಾತ್ರ ಈ ಲೆಕ್ಕ ಪೂರ್ತಿ ಕೈಗೆ ಬಂದಿಲ್ಲ. 31ರಲ್ಲಿ ಸ್ಟಾಮ್ಮರ್ಸ್‌ಡೋರ್ಫಿಗೆ ಹೋಗಿ ಬ್ರ್ಯುನ್ನರ್ ಸ್ಟ್ರಾಸೆ ಹಿಡಿದರೆ ಫ್ಲೋರಿಡ್ಸ್‌ಡೋರ್ಫ್‌ವರೆಗೆ ನಂಬರು ನೆಟ್ಟಗೆ ಇಳಿಯುತ್ತದೆ, ಮುಂದೆ ಸೇತುವೆ, ಅಲ್ಲಿಗೆ ತೊಂದರೆಯಿಲ್ಲ. 26ನೇ ಟ್ರಾಮಿನ ಎರಡು ತುದಿಗಳೂ ನದಿಯ ಆಚೆಗೇ ಇವೆ. ಒಂದು ತುದಿ ಸ್ಟ್ರೆಬರ್ಸ್‌ಡೋರ್ಫ್‌ನಿಂದ ಪ್ರಾಗರ್ ಸ್ಟ್ರಾಸೆಯ ನಂಬರು ಹಿಡಿದು ಬರಬಹುದು. ಇನ್ನೊಂದು ತುದಿ ಹೌಸ್‌ಫೆಲ್ಡ್‌ಸ್ಟ್ರಾಸೆಯಿಂದ ಯಾವ ಬೀದಿ ಹಿಡಿಯಬೇಕೆಂಬುದು ಈ ಬೇಸಿಗೆಯ ಕೆಲಸ. ಅದೂ ಆಗದಿದ್ದರೆ 21 ಕಿಲೋಮೀಟರು ಉದ್ದದ ಡಾನ್ಯೂಬ್ ದ್ವೀಪವಿದೆ. ಅಲ್ಲಿ ಮನೆಗಳೂ ಇಲ್ಲ, ನಂಬರುಗಳೂ ಇಲ್ಲ, ನೀರು ಹರಿಯುವ ದಿಕ್ಕೊಂದನ್ನು ನೋಡಿಕೊಂಡರೆ ಸಾಕು.