ಹೆರಿಗೆಯ ರಕ್ತ ಅಳೆದ ಲೆಕ್ಕ: ಡ್ರೇಪು, ತಕ್ಕಡಿ, ಖರ್ಚು, ಎಡವಟ್ಟು

ಯಾವುದೇ ತಾಲೂಕು ಆಸ್ಪತ್ರೆಯ ಲೇಬರ್ ರೂಮ್ ರಿಜಿಸ್ಟರ್ ತೆಗೆದು ರಕ್ತಸ್ರಾವದ ಕಾಲಂ ನೋಡಿ, ಲೆಕ್ಕ ಮಿಲಿಲೀಟರಿನಲ್ಲಿ. 150, 200, 200, 250, 200. ನಡುವೆ ಒಂದು 450, ಒಂದು 480. 500 ದಾಟಿದ್ದು ತಿಂಗಳಿಗೆ ಮೂರೋ ನಾಲ್ಕೋ. ತಿಂಗಳಿಗೆ 180–200 ಹೆರಿಗೆ ಆಗುವ ಕಡೆ ಇದು ನಂಬುವಂಥ ಲೆಕ್ಕವಲ್ಲ. ನಿಜವಾಗಿ ಅಳೆದಿದ್ದರೆ ಎಲ್ಲ ಸಂಖ್ಯೆಯೂ ಸೊನ್ನೆಯಲ್ಲೇ ಮುಗಿಯುವುದಿಲ್ಲ, 500ರ ಹೊಸ್ತಿಲಿನ ಈಚೆಗೇ ಬಂದು ನಿಲ್ಲುವುದೂ ಇಲ್ಲ. 500 ಬರೆದರೆ ಪಿಪಿಎಚ್ (ಹೆರಿಗೆಯ ನಂತರದ ಅತಿ ರಕ್ತಸ್ರಾವ) ಫಾರ್ಮ್ ತುಂಬಬೇಕು, ಫೋನ್ ಬರುತ್ತದೆ, ವಿವರಣೆ ಕೊಡಬೇಕು. ಅದಕ್ಕೇ 480.

ಬಾಣಂತಿಯ ಕೆಳಗೆ ಡ್ರೇಪು, ಅಂದರೆ ರಕ್ತ ಬಂದು ಕೂರುವ ಚೀಲವಿರುವ ಪ್ಲಾಸ್ಟಿಕ್ ಹಾಳೆ, ಹಾಸಿ ಅಳೆಯೋಣ ಎಂದಾಗ ಮೊದಲ ಅಡ್ಡಮಾತು ಬಂದದ್ದು ಚೆನ್ನಾಗಿ ಓದಿಕೊಂಡವರಿಂದಲೇ. “ಯುರೋಪಿನವರು ಚೀಲ ಕಟ್ಟಿ ನೋಡಿದ್ದಾಯ್ತಲ್ಲ ಡಾಕ್ಟ್ರೇ, ಏನೂ ಸಿಗಲಿಲ್ಲ.” ಮಾತು ಸುಳ್ಳಲ್ಲ. 13 ದೇಶಗಳ 78 ಹೆರಿಗೆ ಘಟಕಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀವ್ರ ರಕ್ತಸ್ರಾವ ಚೀಲ ಇದ್ದ ಕಡೆ ನೂರಕ್ಕೆ 1.71, ಇಲ್ಲದ ಕಡೆ 2.06. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಆದರೆ ಅಲ್ಲಿ ಕೊಟ್ಟದ್ದು ಚೀಲ ಮಾತ್ರ. ಚೀಲ ತುಂಬಿದ ಮೇಲೆ ಏನು ಮಾಡಬೇಕು ಎಂಬುದು ಆಯಾ ಆಸ್ಪತ್ರೆಗೆ ಬಿಟ್ಟ ವಿಚಾರವಾಗಿತ್ತು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಅಧ್ಯಯನ (2023) ಡ್ರೇಪಿನ ಗೆರೆಗೇ ಚಿಕಿತ್ಸೆಯನ್ನು ಗಂಟು ಹಾಕಿತು. ಒಂದು ಲೀಟರ್ ದಾಟಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯಬೇಕಾಗಿ ಬಂದದ್ದು, ಅದರಿಂದಾದ ಸಾವು ಎಲ್ಲ ಸೇರಿ ಎಂದಿನ ಚಿಕಿತ್ಸೆ ನಡೆದ ಕಡೆ ನೂರಕ್ಕೆ 4.3, ಹೀಗೆ ಮಾಡಿದ ಕಡೆ 1.6. ನಾವು ಹಿಡಿದದ್ದು ಈ ಎರಡನೇ ದಾರಿ.

ಇನ್ನು ಡ್ರೇಪು ಆಫ್ರಿಕಾದಿಂದ ಬಂದದ್ದೇನಲ್ಲ. ಅಳತೆ ಗೆರೆಯ ಬ್ರಾಸ್-ವಿ ಡ್ರೇಪು ಬಳಕೆಗೆ ಬಂದದ್ದೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಬಗ್ಗೆ ಬೆಳಗಾವಿಯಲ್ಲಿ ನಡೆದ ಅಧ್ಯಯನದ ಹೊತ್ತಿಗೆ. ಅದರ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಕಣ್ಣಳತೆ ಡ್ರೇಪಿನ ಅಳತೆಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತದೆ ಎಂದೂ ಆಗಲೇ ಅಲ್ಲಿಂದ ವರದಿಯಾಗಿತ್ತು. ಮನೆ ಮುಂದಿನ ಬಾವಿ ಬಿಟ್ಟು ಊರೆಲ್ಲ ನೀರಿಗೆ ಅಲೆದ ಹಾಗೆ ನಮ್ಮ ಕತೆ.

ಸಿದ್ಧ ಡ್ರೇಪಿಗೆ ಬಂದ ಕೊಟೇಶನ್ ನೋಡಿ, ಎಥಿಕ್ಸ್ ಕಮಿಟಿ ಒಪ್ಪಿಗೆ ಕೈಗೆ ಬಂದ ಮೇಲೆ ನಾವೇ ಹೊಲಿಯಲು ಕೂತೆವು. ಹೊಲಿಯಲು ಎಂದರೆ ಸೀಲ್ ಮಾಡಲು. ಕಿರಾಣಿ ಅಂಗಡಿಯಲ್ಲಿ ಬೇಳೆ ಪ್ಯಾಕೆಟ್ ಮುಚ್ಚುವ ಕೈ ಸೀಲಿಂಗ್ ಮೆಷಿನ್, 12 ಇಂಚಿನದು, ಸುಮಾರು 1,600 ರೂಪಾಯಿ. ಮೊದಲು ತಂದ ಪಾಲಿಥೀನ್ ರೋಲ್ 50 ಮೈಕ್ರಾನಿನದು. ಅದು ದಂಡ. ಚೀಲದ ತುದಿಯಲ್ಲಿ ಭಾರವೆಲ್ಲ ಕೂತು 600 ಮಿಲಿ ಹೊತ್ತಿಗೆ ಸೀಲ್ ಬಾಯಿ ಬಿಡುತ್ತಿತ್ತು. 100 ಮೈಕ್ರಾನಿಗೆ ಹೋದೆವು, ಅಂಚಿಗೆ ಐದು ಮಿಲಿಮೀಟರ್ ಅಂತರದಲ್ಲಿ ಎರಡು ಸೀಲ್ ಹಾಕಿದೆವು. ಆಮೇಲೂ ಚೂಪಾದ ಮೂಲೆ ಸೋರುತ್ತಿತ್ತು. ಆ ಮೂಲೆಯನ್ನು ಕೊನೆಗೆ ಹೇಗೆ ಮಡಚಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಎರಡು ರೋಲ್ ಹಾಳು ಮಾಡಿ ಕಲಿತದ್ದು ಅದು. ಕೇಳಿಕೊಂಡು ಬಂದವರಿಗೆ ಕೈಯಲ್ಲೇ ಮಾಡಿ ತೋರಿಸುತ್ತೇವೆ.

ಗೆರೆ ಹಾಕುವಲ್ಲಿ ದೊಡ್ಡ ತಪ್ಪಾಯಿತು. ಸ್ಕೇಲ್ ಇಟ್ಟು ಸಮ ಅಂತರದಲ್ಲಿ ಎಳೆದಿದ್ದೆವು. ಚೀಲ ಕೆಳಗೆ ಚೂಪು, ಮೇಲೆ ಅಗಲ. ಅರ್ಧ ಎತ್ತರಕ್ಕೆ ಅರ್ಧ ಅಳತೆ ಇರುವುದೇ ಇಲ್ಲ, ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. 300 ಬಿದ್ದಾಗಲೇ 500ರ ಗೆರೆ ಮುಟ್ಟಿ ಮೊದಲ ವಾರ ಸುಮ್ಮನೆ ಓಡಾಡಿದ್ದೇ ಬಂತು, ಸಿಸ್ಟರ್‌ಗಳಿಗೆ ಡ್ರೇಪಿನ ಮೇಲೆ ನಂಬಿಕೆಯೇ ಹೋಯಿತು. ಸರಿ ವಿಧಾನ ಹೀಗೆ: ಚೀಲವನ್ನು ಕಾಟ್‌ಗೆ ಕಟ್ಟುವ ಹಾಗೇ ಕಟ್ಟಿ ತೂಗು ಬಿಡಿ, ಅಳತೆ ಸಿಲಿಂಡರಿನಲ್ಲಿ 100 ಮಿಲಿ ನೀರು ಹಾಕಿ, ನಿಂತ ಮಟ್ಟಕ್ಕೆ ಗೆರೆ; ಮತ್ತೆ 100, ಮತ್ತೆ ಗೆರೆ. ಕೆಳಗಿನ ಗೆರೆಗಳು ದೂರ ದೂರ, ಮೇಲಿನವು ಒತ್ತೊತ್ತಾಗಿ ಬರುತ್ತವೆ. ಇದನ್ನೇ ಅಚ್ಚು ಮಾಡಿಕೊಂಡು ಉಳಿದವಕ್ಕೆ ಎಳೆಯಬಹುದು, ಆದರೆ ಹತ್ತಕ್ಕೆ ಒಂದರಲ್ಲಿ 500 ಮಿಲಿ ನೀರು ಹಾಕಿ ಪರೀಕ್ಷಿಸಿ. 25 ಮಿಲಿಗಿಂತ ಹೆಚ್ಚು ತಪ್ಪಿದರೆ ಆ ಹತ್ತನ್ನೂ ಮತ್ತೆ ನೋಡಬೇಕು. ಪರ್ಮನೆಂಟ್ ಮಾರ್ಕರ್ ಎಂಬುದು ಹೆಸರಿಗೆ ಮಾತ್ರ ಪರ್ಮನೆಂಟ್. ಸ್ಪಿರಿಟ್ ತಾಗಿದರೆ ಅಳಿಸಿ ಹೋಗುತ್ತದೆ, ಮೇಲೆ ಪಾರದರ್ಶಕ ಟೇಪ್ ಬೇಕು.

ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವಿಗೆ ಹಾಕಬೇಡಿ. 121 ಡಿಗ್ರಿಗೆ ನಮ್ಮ ಮೊದಲ 40 ಡ್ರೇಪು ಒಂದೇ ಮುದ್ದೆಯಾಗಿ ಹೊರಬಂದವು. ಆಮೇಲೆ ಮೆಡಿಕಲ್ ಕಾಲೇಜೊಂದರಲ್ಲಿ ಗ್ಯಾಸ್ ಸ್ಟೆರಿಲೈಸೇಷನ್ ಲೋಡಿನ ಜೊತೆ ಸೇರಿಸಿ ಮಾಡಿಸಿಕೊಂಡೆವು, ಒಂದಕ್ಕೆ ಹತ್ತು ರೂಪಾಯಿಯ ಆಸುಪಾಸು ಬಿತ್ತು. ಗಾಳಿಗಿಟ್ಟು ಗ್ಯಾಸ್ ಪೂರ್ತಿ ಹೋಗುವ ತನಕ ಅವರು ಕೊಡುವುದಿಲ್ಲ, ಅವಸರ ಮಾಡಲೂ ಬಾರದು. ಪ್ಲಾಸ್ಟಿಕ್ಕು, ಟೇಪು, ದಾರ, ಪ್ಯಾಕಿಂಗ್ ಕವರು ಎಲ್ಲ ಸೇರಿ ಒಂದು ಡ್ರೇಪಿಗೆ 45 ರೂಪಾಯಿ. ಕೊಟೇಶನ್ನಿನ ಕಾಲು ಭಾಗ.

ಬಳಸುವಾಗ ಎಲ್ಲ ಇರುವುದು ಯಾವಾಗ ಹಾಕುತ್ತೀರಿ ಎಂಬುದರಲ್ಲಿ. ಹೆರಿಗೆಗೆ ಮುಂಚೆಯೇ ಹಾಸಿದರೆ ಗರ್ಭದ ನೀರು, ಮೂತ್ರ ಎಲ್ಲ ಸೇರಿ 700 ತೋರಿಸುತ್ತದೆ. ಮಗು ಹೊರಬಂದು, ಅದರ ಹಿಂದೆ ಉಳಿದ ಗರ್ಭದ ನೀರೂ ಸುರಿದು ಹೋದ ಮೇಲೆ, ಮಾಸು ಬೀಳುವ ಮುನ್ನ ಪೃಷ್ಠದ ಕೆಳಗೆ ಸರಿಸಿ. ಮಗು ಬಂದ ಒಂದು ನಿಮಿಷದೊಳಗೆ ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ 10 ಯುನಿಟ್ ಹೋಗಬೇಕು, ನಮ್ಮಲ್ಲಿ ಬರುವುದು 5 ಯುನಿಟ್ಟಿನ ಆಂಪ್ಯೂಲ್, ಅಂದರೆ ಎರಡು. ಹಾಗಾಗಿ ಸೂಜಿ ಹಾಕುವವರು ಬೇರೆ, ಡ್ರೇಪು ಸರಿಸುವವರು ಬೇರೆ. ಒಬ್ಬರೇ ಇದ್ದರೆ ಸೂಜಿ ಮೊದಲು.

ಮಾಸನ್ನು ಚೀಲಕ್ಕೆ ಬಿಡಬೇಡಿ, ಟ್ರೇಗೆ ತೆಗೆಯಿರಿ. ಹೊಲಿಗೆಗೆ ಮುನ್ನ ಸಲೈನ್ ಹಾಕಿ ತೊಳೆಯುತ್ತೇವಲ್ಲ, ಅದೇ 200–300 ಮಿಲಿ ಚೀಲಕ್ಕೆ ಇಳಿಯುತ್ತದೆ. ತೊಳೆಯುವ ಮುಂಚೆ ಗೆರೆ ಓದಿ ಬರೆಯಬೇಕು, ಆಮೇಲೆ ಬಿದ್ದದ್ದಕ್ಕೆ ಬೇರೆ ಲೆಕ್ಕ. ನಮಗೆ ಇದು ಹೊಳೆಯಲು ಎರಡು ತಿಂಗಳು ಹಿಡಿಯಿತು, ಅಷ್ಟೂ ದಿನದ ಎಪಿಸಿಯೊಟಮಿ (ಹೆರಿಗೆಗೆ ದಾರಿ ಕೊಯ್ದು ಹೊಲಿದ) ಕೇಸುಗಳ ಅಂಕಿ ಬಿಸಾಡಿದೆವು. ಚೀಲದ ತುದಿ ಸ್ಟೂಲಿನ ಮೇಲೆ ಕೂತರೆ ಹರಡಿಕೊಂಡು ಕಡಿಮೆ ತೋರಿಸುತ್ತದೆ, ಬಾಣಂತಿ ಕಾಲು ಚಾಚಿ ಹಾಳೆ ಬಿಗಿದರೆ ಹೆಚ್ಚು. ಓದುವ ಮುನ್ನ ಒಮ್ಮೆ ಎತ್ತಿ ಬಿಡಿ. ಪೃಷ್ಠದ ಕೆಳಗಿನ ಮಡಿಕೆಯಲ್ಲಿ ಹೆಪ್ಪು ಅವಿತು ಕೂತಿರುತ್ತದೆ, ಅದನ್ನೂ ಕೈಯಿಂದ ಕೆಳಗಿಳಿಸಿ.

ಚೀಲದ ಹೊರಗೆ ಹೋದದ್ದಕ್ಕೆ ತಕ್ಕಡಿ. 400 ರೂಪಾಯಿಯ ಅಡುಗೆಮನೆ ತಕ್ಕಡಿ ಎರಡು ನಿಮಿಷಕ್ಕೆ ತಾನೇ ಆರಿ ಹೋಗುತ್ತಿತ್ತು, ಮತ್ತೆ ಆನ್ ಮಾಡಿದರೆ ಪಾತ್ರೆಯ ತೂಕ ಮರೆತಿರುತ್ತಿತ್ತು. 1,800ರದ್ದು ತಂದ ಮೇಲೆ ನೆಮ್ಮದಿ. ಅದಕ್ಕಿಂತ ದೊಡ್ಡ ತೊಂದರೆ ಪ್ಯಾಡಿನದು. ವಾರ್ಡಿನಲ್ಲೇ ಮಡಚಿದ ಪ್ಯಾಡ್ ಒಂದೊಂದು 18 ಗ್ರಾಂನಿಂದ 31 ಗ್ರಾಂ ತನಕ ಇತ್ತು. ಒಂದು ಸರಾಸರಿ ಹಿಡಿದು ಕಳೆದರೆ ಹತ್ತು ಪ್ಯಾಡಿಗೆ ಎಷ್ಟು ತಪ್ಪುತ್ತದೆ ಎಂದು ನೀವೇ ಲೆಕ್ಕ ಹಾಕಿ. ಹತ್ತು ಪ್ಯಾಡಿನ ಕಟ್ಟನ್ನೇ ತೂಗಿ, ಒಣ ತೂಕವನ್ನು ಕವರಿನ ಮೇಲೆ ಬರೆದಿಟ್ಟೆವು. ಕಟ್ಟು ಒಡೆದರೆ ಹತ್ತೂ ಅದೇ ಬಾಣಂತಿಗೆ, ಉಳಿದವನ್ನೂ ಜೊತೆಗೇ ತೂಗುವುದು. ರಕ್ತ ನೀರಿಗಿಂತ ತುಸು ಭಾರ, ಒಂದು ಮಿಲಿಗೆ ಸುಮಾರು 1.06 ಗ್ರಾಂ. ಕಾಟಿನ ಪಕ್ಕದಲ್ಲಿ ಆ ಭಾಗಾಕಾರ ಬೇಡ, ಒಂದು ಗ್ರಾಂ ಒಂದು ಮಿಲಿ ಎಂದೇ ನಡೆಯಲಿ. ಕಂಪ್ಯೂಟರಿಗೆ ಹಾಕುವಾಗ 1.06ರಿಂದ ಭಾಗಿಸಿ. 500 ಗ್ರಾಂ ಅಂದರೆ 472 ಮಿಲಿ.

ಈ ನಡುವೆ ಒಂದು ಅಡ್ಡ ಪ್ರಯೋಗ. ತೆಳು ರಾಗಿ ಅಂಬಲಿಗೆ ಕೆಂಪು ಬಣ್ಣ ಹಾಕಿ ಹಾಸಿಗೆ, ನೆಲ, ಕಿಡ್ನಿ ಟ್ರೇ, ಪ್ಯಾಡುಗಳ ಮೇಲೆ ಅಳೆದು ಸುರಿದು ಎಲ್ಲರಿಂದಲೂ ಚೀಟಿಯಲ್ಲಿ ಬರೆಸಿದೆವು. ಬರೀ ಬಣ್ಣದ ನೀರು ಹರಿದು ಹೋಗುತ್ತದೆ, ಅಂಬಲಿ ನಿಲ್ಲುತ್ತದೆ. 100 ಮಿಲಿಯನ್ನು 150–200 ಎಂದವರೇ ಹೆಚ್ಚು, 1,000ವನ್ನು 500–600 ಎಂದವರೂ ಹೆಚ್ಚು. ನೆಲದ ಮೇಲೆ ಬಿದ್ದದ್ದಕ್ಕೆ ಹೆಚ್ಚು ಹೇಳಿದರು, ಬಟ್ಟೆಗೆ ಹೀರಿದ್ದಕ್ಕೆ ಕಡಿಮೆ. ಎಲ್ಲರಿಗಿಂತ ಹತ್ತಿರ ಹೇಳಿದವರು ದಿನವೂ ಆ ಬಟ್ಟೆ ಎತ್ತುವ ಆಯಾ. ಇನ್ನೊಂದು ವಿಷಯವೂ ಗೊತ್ತಾಯಿತು: ನೆನೆದ ಪ್ಯಾಡನ್ನು ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಟ್ಟರೆ ಹತ್ತನೇ ಒಂದು ಪಾಲಿನಷ್ಟು ತೂಕ ಹಾರಿ ಹೋಗಿರುತ್ತದೆ. ಬೆಳಗ್ಗೆ ತೂಗುವುದಾದರೆ ಕವರಿನ ಬಾಯಿ ಕಟ್ಟಿಡಿ.

ಡ್ರೇಪಿನಲ್ಲಿ ಎರಡು ಗೆರೆ ದಪ್ಪ. 300ಕ್ಕೆ ಹಳದಿ, 500ಕ್ಕೆ ಕೆಂಪು. ಮೊದಲ ಒಂದು ಗಂಟೆಯಲ್ಲಿ, 15 ನಿಮಿಷಕ್ಕೊಮ್ಮೆ ಗೆರೆ, ನಾಡಿ, ಬಿಪಿ, ಗರ್ಭಕೋಶ ಗಟ್ಟಿ ಇದೆಯೇ ಎಂದು ನೋಡುವುದು. ಹಳದಿ ದಾಟಿ ಇವುಗಳಲ್ಲಿ ಒಂದು ಕೆಟ್ಟಿದ್ದರೂ ಶುರು. ಕೆಂಪು ದಾಟಿದರೆ ಬೇರೇನೂ ನೋಡದೆ ಶುರು, ಡ್ಯೂಟಿ ಡಾಕ್ಟರ ಫೋನಿಗೆ ಕಾಯುವುದಿಲ್ಲ. ಈ ಕೊನೆಯ ಮಾತಿಗೆ ಲಿಖಿತ ಆದೇಶ ಹೊರಡಿಸಲು ಡ್ರೇಪು ಮಾಡಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಅದಿಲ್ಲದೆ ಇದ್ದಿದ್ದರೆ ನಾವೂ ಯುರೋಪಿನ ಫಲಿತಾಂಶವನ್ನೇ ಪಡೆಯುತ್ತಿದ್ದೆವು.

ಶುರು ಎಂದರೆ ಒಟ್ಟಿಗೇ: ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್ ಡ್ರಿಪ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ, ಐವಿ ದ್ರವ, ಮೂತ್ರಕೋಶ ಖಾಲಿ ಮಾಡಿ, ಹೆರಿಗೆಯ ದಾರಿ ಹರಿದಿದೆಯೇ, ಮಾಸಿನ ತುಂಡು ಉಳಿದಿದೆಯೇ ನೋಡುವುದು. ಟ್ರಾನೆಕ್ಸಾ 500 ಮಿಲಿಗ್ರಾಂ ಆಂಪ್ಯೂಲ್ ಎರಡು, 10 ಮಿಲಿ, ನಿಮಿಷಕ್ಕೆ ಒಂದು ಮಿಲಿ ಲೆಕ್ಕದಲ್ಲಿ ನಿಧಾನ. ಹೆರಿಗೆಯಾದ ಮೂರು ಗಂಟೆಯೊಳಗೆ. ಎಲ್ಲವೂ ಒಂದೇ ಡಬ್ಬಿಯಲ್ಲಿರಬೇಕು. ಆಕ್ಸಿಟೋಸಿನ್ ಮಾತ್ರ 2–8 ಡಿಗ್ರಿಯ ಫ್ರಿಜ್ಜಿನಲ್ಲಿ, ಡಬ್ಬಿಯಲ್ಲಿ ಅದರ ಜಾಗಕ್ಕೆ ಒಂದು ಕೆಂಪು ಚೀಟಿ. ಹಿಂದೆ ಆಕ್ಸಿಟೋಸಿನ್ ಕಿಟಕಿ ಪಕ್ಕದ ಟ್ರೇಯಲ್ಲೇ ಇರುತ್ತಿತ್ತು. ಬೇಸಿಗೆಯಲ್ಲಿ ಅದರ ಗತಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಈಗ ಎಲ್ಲರೂ ಎಡವುವ ಜಾಗ. ಡ್ರೇಪು ಹಾಕಿದ ಮೂರನೇ ತಿಂಗಳಿಗೆ ನಮ್ಮ ಪಿಪಿಎಚ್ ಪ್ರಮಾಣ ನೂರಕ್ಕೆ ಎರಡರಿಂದ ಹನ್ನೊಂದರ ಹತ್ತಿರ ಹೋಯಿತು. “ನಿಮ್ಮ ಸಂಶೋಧನೆ ಶುರುವಾದ ಮೇಲೆ ರಕ್ತಸ್ರಾವ ಐದು ಪಟ್ಟು ಆಯ್ತಲ್ಲ ಮೇಡಂ?” ಎಂದು ಮೀಟಿಂಗಿನಲ್ಲೇ ಕೇಳಿದರು. ರಕ್ತ ಹೆಚ್ಚಾಗಿರಲಿಲ್ಲ, ಕಾಣಿಸುವುದು ಹೆಚ್ಚಾಗಿತ್ತು. ಆದ್ದರಿಂದ 500 ದಾಟಿದವರ ಸಂಖ್ಯೆಯನ್ನು ಫಲಿತಾಂಶ ಎಂದು ಎಲ್ಲೂ ಬರೆಯಬೇಡಿ, ಅದು ಅಳೆಯುವ ಕೆಲಸದ ಗುಣ ಹೇಳುತ್ತದೆ ಅಷ್ಟೆ. ಜೊತೆಗೆ, ಚಿಕಿತ್ಸೆ ಬದಲಿಸುವ ಮುನ್ನವೇ ಒಂದೆರಡು ತಿಂಗಳು ಬರೀ ಅಳೆಯಿರಿ. ಹಾಗೆ ಅಳೆದ ಮೊದಲ ಲೆಕ್ಕ ಇಲ್ಲದಿದ್ದರೆ ಹೋಲಿಸಲು ಕೈಯಲ್ಲಿ ಇರುವುದು ಕಣ್ಣಳತೆ ಮಾತ್ರ. ಇ-ಮೋಟಿವ್‌ನವರು ಹೋಲಿಕೆಯ ಆಸ್ಪತ್ರೆಗಳಲ್ಲೂ ಡ್ರೇಪು ಹಾಸಿ ರಕ್ತ ತೂಗಿದರು, ಅಲ್ಲಿನ ಡ್ರೇಪಿನಲ್ಲಿ ಗೆರೆ ಮಾತ್ರ ಇರಲಿಲ್ಲ. ಜಾಣತನ ಇರುವುದು ಅಲ್ಲಿ.

ಫಲಿತಾಂಶಕ್ಕೆ ನಾವು ಹಿಡಿದದ್ದು ಒಂದು ಲೀಟರ್ ದಾಟಿದವರು, ರಕ್ತ ಏರಿಸಬೇಕಾದವರು, ಮೇಲಿನ ಆಸ್ಪತ್ರೆಗೆ 108ರಲ್ಲಿ ಕಳಿಸಿದವರು, ಮತ್ತು ಕೆಂಪು ಗೆರೆಯಿಂದ ಟ್ರಾನೆಕ್ಸಾ ತನಕದ ನಿಮಿಷಗಳು. ಸಾವಿನ ಲೆಕ್ಕ ನಮ್ಮಂಥ ಆಸ್ಪತ್ರೆಯ ಅಳವಲ್ಲ, ಅದಕ್ಕೆ ಲಕ್ಷಗಟ್ಟಲೆ ಹೆರಿಗೆ ಬೇಕು. ನಿಮಿಷಗಳ ಲೆಕ್ಕ ಸುಮಾರು 40ರಿಂದ 12ಕ್ಕೆ ಇಳಿಯಿತು, ನೆನಪಿನ ಮೇಲೆ ಹೇಳುತ್ತಿದ್ದೇನೆ. ಇದೂ ಮೊದಲು ಕೆಟ್ಟಿತ್ತು. ಕೇಸ್ ಶೀಟಿನ ಸಮಯ ಗೋಡೆ ಗಡಿಯಾರದ್ದು, ಔಷಧಿಯ ಸಮಯ ಸಿಸ್ಟರ್ ಮೊಬೈಲಿನದು. ಎರಡಕ್ಕೂ 11 ನಿಮಿಷ ಅಂತರ. ಕೆಲವರಿಗೆ ರಕ್ತ ಹೋಗುವ ಮುಂಚೆಯೇ ಔಷಧಿ ಕೊಟ್ಟ ಹಾಗೆ ದಾಖಲೆ! ಗೋಡೆ ಗಡಿಯಾರವನ್ನೇ ಎಲ್ಲದಕ್ಕೂ ಹಿಡಿದೆವು. ತಿಂಗಳ ಲೆಕ್ಕವನ್ನು ರನ್ ಚಾರ್ಟಿನಲ್ಲಿ (ಕಾಲಕ್ರಮದ ಏರಿಳಿತ ತೋರಿಸುವ ನಕ್ಷೆ) ಚುಕ್ಕಿ ಹಾಕಿ, ಮಧ್ಯಗೆರೆಯ ಒಂದೇ ಬದಿಗೆ ಸತತ ಆರು ಚುಕ್ಕಿ ಬೀಳುವ ತನಕ ಬಾಯಿ ಬಿಡಲಿಲ್ಲ.

ಖಾಲಿ ಬಿಟ್ಟ ಕಾಲಂಗಳ ಬಗ್ಗೆ ಹುಷಾರು. ಅಳತೆ ತಪ್ಪಿದ ಕೇಸುಗಳನ್ನು ಪಕ್ಕಕ್ಕಿಟ್ಟು ಲೆಕ್ಕ ಮಾಡಿದಾಗ ನಮ್ಮ ಫಲಿತಾಂಶ ಬಲು ಸುಂದರವಾಗಿತ್ತು. ಕೇಸ್ ಶೀಟ್ ಒಂದೊಂದೇ ತೆಗೆದು ನೋಡಿದರೆ, ಅಳತೆ ಇಲ್ಲದಿದ್ದವರಲ್ಲೇ ರಕ್ತ ಏರಿಸಿದವರು, ಕಳಿಸಿಕೊಟ್ಟವರು ಹೆಚ್ಚು. ರಕ್ತ ಸುರಿಯುವಾಗ ತೂಗುವವರು ಯಾರು? ಅದಕ್ಕೇ ಎಲ್ಲ ಪ್ಯಾಡನ್ನೂ ಬಾಣಂತಿಯ ನಂಬರ್ ಬರೆದ ಹಳದಿ ಕವರಿಗೆ ಹಾಕಿ ಬಾಯಿ ಕಟ್ಟಿ ಮೂಲೆಗಿಡುವುದು, ಗಲಾಟೆ ಮುಗಿದ ಮೇಲೆ ತೂಗುವುದು. ತ್ಯಾಜ್ಯದವನು ಬೆಳಗ್ಗೆ ಏಳಕ್ಕೆ ಬಂದು ಕವರು ಒಯ್ಯುತ್ತಿದ್ದ, ಅವನ ಜೊತೆ ಮಾತಾಡಿ ಎಂಟೂವರೆಗೆ ಮಾಡಿಸಿದ್ದು ಇಡೀ ಅಧ್ಯಯನಕ್ಕೆ ಆದ ದೊಡ್ಡ ಉಪಕಾರ.

ಸಿಸೇರಿಯನ್ನಿನಲ್ಲಿ ಇದು ಇನ್ನೂ ಪೂರ್ತಿ ಕೂತಿಲ್ಲ. ಹೀರಿ ತೆಗೆಯುವ ಸಕ್ಷನ್ ಜಾರಿಗೆ ಗರ್ಭದ ನೀರೂ ರಕ್ತವೂ ಕೂಡಿಯೇ ಬರುತ್ತವೆ. ಮಗು ತೆಗೆದ ಕೂಡಲೇ ಟ್ಯೂಬನ್ನು ಎರಡನೇ ಜಾರಿಗೆ ಬದಲಿಸುತ್ತೇವೆ, ತೊಳೆಯಲು ಬಳಸಿದ ಸಲೈನನ್ನು ಬಾಟಲಿಯ ಗೆರೆ ನೋಡಿ ಕಳೆಯುತ್ತೇವೆ, ರಕ್ತ ಒರೆಸುವ ಬಟ್ಟೆಗಳಾದ ಮಾಪ್‌ಗಳನ್ನು ಎಣಿಸುವಾಗಲೇ ತೂಗುತ್ತೇವೆ. ಸಲೈನಿನಲ್ಲಿ ಹಿಂಡಿ ತೆಗೆದ ಮಾಪ್ ಮಾತ್ರ ಇವತ್ತಿಗೂ ತಲೆನೋವು. ಸದ್ಯ ಬಿಸಿ ಸಲೈನಿಗೆ ಅದ್ದಿದ ಮಾಪನ್ನು ಕೈಗೆ ಕೊಡುವ ಮುನ್ನ ತೂಗಿ ನೋಡುತ್ತಿದ್ದೇವೆ. ಒಂದಕ್ಕೂ ಇನ್ನೊಂದಕ್ಕೂ 30–40 ಗ್ರಾಂ ವ್ಯತ್ಯಾಸ ಬರುತ್ತಿದೆ.